ಭರಮಪ್ಪ ಹಿಡಿಯದೆ ಬಿಟ್ಟ ಆಸಾಮಿ

ಬೆಳಗಾವಿಯ ಆಟೋ ನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಒಂದು ವರ್ಕ್‌ಶಾಪಿನ ಗೇಟಿನಲ್ಲಿ ಭರಮಪ್ಪ ಕೂಡುತ್ತಾನೆ. ಬರುವ ಗಾಡಿಯ ನಂಬರು ಬರೆದುಕೊಳ್ಳುವುದು, ಹೋಗುವ ಗಾಡಿಗೆ ಗೇಟು ತೆಗೆಯುವುದು, ನಡುನಡುವೆ ಎಲೆ ಅಡಿಕೆ. ಐವತ್ತೆಂಟು ವರ್ಷ, ಮೊಣಕಾಲು ನೋವು, ಬೆಳ್ಳಗಾದ ಮೀಸೆ. ಇಂಥವನು ತಲೆತಪ್ಪಿಸಿಕೊಂಡ ಮೂವತ್ತು ಜನರನ್ನು ಹುಡುಕಿ ತಂದಿದ್ದಾನೆಂದರೆ ಮೊದಲ ಸಲ ಕೇಳಿದವರು ನಗುತ್ತಾರೆ. ಹಾಗೆ ನಕ್ಕವರಲ್ಲಿ ಇಬ್ಬರು ಮುಂದೆ ತಾವೇ ಓಡಿಹೋಗಿ ಅವನ ಕೈಗೆ ಸಿಕ್ಕಿದ್ದೂ ಉಂಟು.

ಈ ವಿದ್ಯೆಯನ್ನು ಅವನು ಯಾವ ಪೊಲೀಸ್ ಠಾಣೆಯಲ್ಲೂ ಕಲಿತದ್ದಲ್ಲ. ಖಾನಾಪುರದ ಕಡೆಯ ಕುರುಬರ ಮನೆತನ. ಚಿಕ್ಕಂದಿನಲ್ಲಿ ಕುರಿ ತಪ್ಪಿಸಿಕೊಂಡರೆ ಅಪ್ಪ ಹೇಳುತ್ತಿದ್ದನಂತೆ, ಕಳೆದ ಕುರಿಯನ್ನು ನಿನ್ನ ಕಾಲಿನಿಂದ ಹುಡುಕಬೇಡ, ಅದರ ಹೊಟ್ಟೆಯಿಂದ ಹುಡುಕು ಎಂದು. ಮನುಷ್ಯನೂ ಹಾಗೆಯೇ. ಹೆಸರು ಬದಲಿಸುತ್ತಾನೆ, ಮೀಸೆ ತೆಗೆಯುತ್ತಾನೆ, ಸಿಮ್ ಕಾರ್ಡು ಗಟಾರಕ್ಕೆ ಎಸೆಯುತ್ತಾನೆ. ಆದರೆ ನಾಲಿಗೆಯ ರುಚಿಯನ್ನೂ ಕೈ ಕಲಿತ ಕೆಲಸವನ್ನೂ ಬಿಡಲಾರ. ಬೆಳಗಾವಿಯ ವಕೀಲ ಶಶಿಧರ ಅವರಿಗೆ ಇದು ಹೇಗೋ ತಿಳಿಯಿತು. ‘ಇವನು ತಾರೀಖಿಗೆ ಬರುತ್ತಾನೆ, ಅದಕ್ಕೆ ನಾನು ಜವಾಬ್ದಾರ’ ಎಂದು ಜಾಮೀನಿಗೆ ಸಹಿ ಹಾಕಿದವರು ಆಸಾಮಿ ಪರಾರಿಯಾದ ಮೇಲೆ ಅಳುತ್ತ ಬಂದರೆ, ಅವರನ್ನು ಆಟೋ ನಗರದ ಈ ಗೇಟಿಗೆ ಕಳಿಸುತ್ತಿದ್ದರು. ಭರಮಪ್ಪ ಎರಡು ದಿನ ರಜೆ ಹಾಕಿ ಹೋಗುತ್ತಿದ್ದ, ಮೂರನೆಯ ದಿನ ಇಬ್ಬರಾಗಿ ಬರುತ್ತಿದ್ದ. ಖುಷಿಯಿಂದ ಯಾರು ಏನು ಕೊಟ್ಟರೂ ತೆಗೆದುಕೊಳ್ಳುತ್ತಿದ್ದ. ಹೆಂಡತಿ ಮಾಯಕ್ಕನ ಟ್ರಂಕಿನಲ್ಲಿ ಇರುವ ಸೀರೆಗಳಲ್ಲಿ ಅರ್ಧ ಕಳ್ಳರ ಜಾಮೀನುದಾರರು ಉಡಿಸಿದವು ಎಂದು ಅವನು ಮನೆ ಮಾಡಿರುವ ಖಾಸಬಾಗದ ಹೆಂಗಸರು ಚೇಷ್ಟೆ ಮಾಡುತ್ತಾರೆ.

ಈ ಹೆಸರಿನ ಹೊಟ್ಟೆಯಲ್ಲಿ ಒಂದು ಮುಳ್ಳೂ ಇತ್ತು. ಎಂಟು ವರ್ಷದ ಹಿಂದಿನ ಮಾತು. ಲಕ್ಷ್ಮಣ ಎಂಬವನೊಬ್ಬ ಬೆಳಗಾವಿಯಲ್ಲಿ ಜಾಮೀನು ಪಡೆದು ಗಡಿ ದಾಟಿ ಮಹಾರಾಷ್ಟ್ರದ ಚಂದಗಡ ತಾಲೂಕಿನ ತನ್ನ ತಾಯಿಯ ಊರಿಗೆ ಸೇರಿಕೊಂಡಿದ್ದ. ಭರಮಪ್ಪ ಜೀಪು ಮಾಡಿಕೊಂಡು ಹೋದ. ಊರವರಿಗೆ ಹೇಳಲಿಲ್ಲ, ಅಲ್ಲಿಯ ಠಾಣೆಗೂ ಹೇಳಲಿಲ್ಲ. ಹೇಳಿದರೆ ಹಕ್ಕಿ ಹಾರುತ್ತದೆಂಬುದು ಅವನ ಲೆಕ್ಕ. ಬೆಳಗಿನ ಜಾವ ಬಾವಿಯ ಕಡೆ ಬಂದ ಲಕ್ಷ್ಮಣನ ಬಾಯಿಗೆ ಟವೆಲು ತುರುಕಿ, ಜೀಪಿಗೆ ಹಾಕಿ, ಹತ್ತು ಗಂಟೆಗೆ ಬೆಳಗಾವಿ ಕೋರ್ಟಿನ ಮುಂದೆ ಇಳಿಸಿದ. ಹೇಗೆ ತಂದೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಬೆನ್ನು ತಟ್ಟಿದರು.

ಅತ್ತ ಆ ಊರಿನಲ್ಲಿ ಬಾವಿಯ ದಂಡೆಯ ಮೇಲೆ ಲಕ್ಷ್ಮಣನ ಒಂದು ಚಪ್ಪಲಿ ಬಿದ್ದಿತ್ತು. ಮನುಷ್ಯನಿಲ್ಲ. ಊರವರು ತಿಳಿದುಕೊಳ್ಳುವುದನ್ನೇ ತಿಳಿದುಕೊಂಡರು. ಎರಡು ದಿನ ಬಾವಿಗೆ ಕೊಕ್ಕೆಗಳ ಪಾತಾಳಗರಡಿ ಬಿಟ್ಟು ಹೆಣ ಹುಡುಕಿದರು. ಗರಡಿ ಮೇಲೆ ಬಂದಾಗಲೆಲ್ಲ, ಹಳೆಯ ಕೊಡವೋ ಕೆಸರೋ ಎಂದು ನೋಡುವ ಮೊದಲೇ, ಅವನ ತಾಯಿ ಕಾಡವ್ವ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ಮಗ ಬೆಳಗಾವಿಯಲ್ಲಿದ್ದಾನೆಂಬ ಸುದ್ದಿ ಮುಟ್ಟಿದ ಮೇಲೆ ಆ ಮುದುಕಿ ಬಸ್ಸು ಹತ್ತಿ, ವಿಳಾಸ ಕೇಳುತ್ತ ಕೇಳುತ್ತ ಖಾಸಬಾಗಕ್ಕೆ ಬಂದಳು. ಬೈಯಲಿಲ್ಲ. ಮಾಯಕ್ಕ ಕೊಟ್ಟ ನೀರು ಕುಡಿದು, ಹೊಸ್ತಿಲ ಆಚೆಯೇ ಕುಳಿತು ಒಂದೇ ಮಾತು ಕೇಳಿದಳು.

“ನನ್ನ ಮಗ ತಪ್ಪು ಮಾಡ್ಯಾನ, ಒಯ್ಯಿ. ಒಯ್ಯೂ ಮುಂದ ನಮಗೊಂದು ಮಾತು ಹೇಳಬಾರದಾಗಿತ್ತೇನಪಾ?”

ಲಕ್ಷ್ಮಣನಾದರೋ ಕೋರ್ಟಿನಲ್ಲಿ ಕಡೆಯವರೆಗೂ ಬಾಯಿ ಬಿಡಲಿಲ್ಲ. ತುರುಕಿದ ಟವೆಲು ಇನ್ನೂ ಅಲ್ಲೇ ಇದ್ದವನಂತೆ ಎಲ್ಲದಕ್ಕೂ ಸುಮ್ಮನೆ ನಿಂತ. ಅಂದಿನಿಂದ ಭರಮಪ್ಪ ಇನ್ನೊಬ್ಬರ ಸೀಮೆಯೊಳಗಿಂದ ಯಾರನ್ನೂ ತರುವುದಿಲ್ಲವೆಂದು ಕೈಬಿಟ್ಟ. ಜನ ಇವನಿಗೆ ವಯಸ್ಸಾಯಿತು ಎಂದರು. ಅವನು ಇಲ್ಲವೆನ್ನಲಿಲ್ಲ.

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ ಕೊನೆಗೆ ಓಡಿಹೋದವನು ಅವನ ಮನೆಯ ಹುಡುಗನೇ. ಬಾಳೇಶ, ತೀರಿಹೋದ ಅಣ್ಣನ ಮಗ. ಏಳು ವರ್ಷದವನಿದ್ದಾಗಿನಿಂದ ಭರಮಪ್ಪ-ಮಾಯಕ್ಕರ ಕೈಯಲ್ಲಿ ಬೆಳೆದವನು. ಈಗ ಇಪ್ಪತ್ತೊಂಬತ್ತು, ಟೆಂಪೋ ಡ್ರೈವರು. ಎರಡು ವರ್ಷದ ಹಿಂದೆ, ಜನವರಿಯ ದಟ್ಟ ಮಂಜಿನಲ್ಲಿ, ಖಾನಾಪುರ ರಸ್ತೆಯ ತಿರುವಿನಲ್ಲಿ ಅವನ ಟೆಂಪೋ ಒಂದು ಸೈಕಲ್ಲಿಗೆ ಬಡಿಯಿತು. ಸೈಕಲ್ಲಿನ ಮೇಲಿದ್ದವನು ಬೀರಣ್ಣ, ಕೆಲಸಕ್ಕೆ ಹೊರಟಿದ್ದ, ಗೋಡೆ ಕಟ್ಟುವ ಗವಂಡಿ. ಬಾಳೇಶ ಓಡಿಹೋಗಲಿಲ್ಲ. ತಾನೇ ಅವನನ್ನು ಎತ್ತಿ ಪಕ್ಕದ ಸೀಟಿನಲ್ಲಿ ಮಲಗಿಸಿಕೊಂಡು ಖಾನಾಪುರದ ಆಸ್ಪತ್ರೆಗೆ ಒಯ್ದ. ಹದಿನೈದು ನಿಮಿಷದ ದಾರಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೀರಣ್ಣನಿಗೆ ಎಚ್ಚರ ತಪ್ಪಿತು. ಅಲ್ಲಿಂದ ಬೆಳಗಾವಿಗೆ ಒಯ್ದರೂ ಮತ್ತೆ ಎಚ್ಚರವಾಗಲಿಲ್ಲ. ಮೂರನೆಯ ದಿನ ಹೋಗಿಬಿಟ್ಟ.

ಕೇಸಾಯಿತು. ಜಾಮೀನಿಗೆ ಭರಮಪ್ಪನೇ ಸಹಿ ಹಾಕಿದ. ಊರ ಜಾಮೀನುದಾರರನ್ನೆಲ್ಲ ‘ನೋಡದೆ ಯಾಕ ಸಹಿ ಹಾಕ್ತೀರಿ’ ಎಂದು ಗದರಿಸುತ್ತಿದ್ದವನು ತಾನು ಕಾಗದವನ್ನು ಓದಲೂ ಇಲ್ಲ. ಬಾಳೇಶ ಆರು ತಾರೀಖು ತಪ್ಪದೆ ಖಾನಾಪುರ ಕೋರ್ಟಿಗೆ ಹೋದ. ಏಳನೆಯದಕ್ಕೆ ಇಲ್ಲ. ಎಂಟನೆಯದಕ್ಕೂ ಇಲ್ಲ. ವಾರಂಟು ಹೊರಟಿತು.

ಎಂಟನೆಯ ತಾರೀಖಿನಂದು ಭರಮಪ್ಪ ಕೋರ್ಟಿನ ಜಗಲಿಯಲ್ಲಿ ತಲೆ ತಗ್ಗಿಸಿ ನಿಂತಿದ್ದಾಗ ಬೀರಣ್ಣನ ಹೆಂಡತಿ ಗಂಗಾದೇವಿ ತಾನಾಗಿಯೇ ಹತ್ತಿರ ಬಂದಳು. ಸಾಕ್ಷಿ ಹೇಳಲು ಎರಡು ಸಲ ಹಳ್ಳಿಯಿಂದ ಬಂದು, ಎರಡೂ ಸಲ ಬರಿಗೈಯಲ್ಲಿ ಹೊರಟವಳು. ಬೈಸಿಕೊಳ್ಳಲು ಭರಮಪ್ಪ ಸಿದ್ಧನಾಗಿಯೇ ನಿಂತ.

“ಶಿಕ್ಷಾ ಕೊಡೂದು ಬಿಡೂದು ಸಾಹೇಬ್ರಿಗೆ ಬಿಟ್ಟದ್ರಿ ಅದು,” ಎಂದಳು ಆಕೆ. “ಗಾಡ್ಯಾಗ ನಮ್ಮ ಮನಿಯವರ ಜೋಡಿ ಇದ್ದಾಂವ ಅವನೊಬ್ಬನ. ಆಮ್ಯಾಲೆ ಅವರು ಬಾಯಿ ಬಿಡಲಿಲ್ಲ. ಗಾಡ್ಯಾಗ ಏನರ ಅಂದ್ರೇನು? ನನಗ ಅದೊಂದು ಬೇಕಾಗಿತ್ರಿ.”

ಆರನೆಯ ತಾರೀಖಿನಂದು ಅವಳು ಇದನ್ನೇ ಬಾಳೇಶನಿಗೆ ಕೇಳಿದ್ದಳಂತೆ. ಅವನು ಮುಖ ತಿರುಗಿಸಿಕೊಂಡು ಹೋಗಿದ್ದ. ಮುಂದಿನ ತಾರೀಖಿಗೆ ಬರಲೇ ಇಲ್ಲ. ಹುಡುಗ ಜೈಲಿಗೆ ಹೆದರಿ ಓಡಿದವನಲ್ಲ, ಈ ಹೆಣ್ಣುಮಗಳ ಪ್ರಶ್ನೆಗೆ ಹೆದರಿ ಓಡಿದವನು ಎಂಬುದು ಭರಮಪ್ಪನಿಗೆ ಅಲ್ಲೇ ತಿಳಿಯಿತು. ಮುಂದಿನ ತಾರೀಖಿಗೆ ಅವನನ್ನು ತಂದೇ ತರುತ್ತೇನೆ ಎಂದು ಬಾಯಿಗೆ ಬಂತು. ಕೈಮುಗಿದ, ಅಷ್ಟೆ.

ಎಲ್ಲಿದ್ದಾನೆಂಬುದರ ಸುಳಿವು ಹಿಡಿದದ್ದು ಭರಮಪ್ಪನಲ್ಲ, ಮಾಯಕ್ಕ. ಬಾಳೇಶ ಯಾರದೋ ಫೋನಿನಿಂದ ಹದಿನೈದು ದಿನಕ್ಕೊಮ್ಮೆ ಚಿಗವ್ವನಿಗೆ ಮಾತಾಡುತ್ತಿದ್ದ. ಅವಳು ಅದನ್ನು ಗಂಡನಿಗೆ ಹೇಳಿರಲಿಲ್ಲ, ಗಂಡನೂ ಗೊತ್ತಿಲ್ಲದವನಂತೆ ಇದ್ದ. ಈಗ ಅವಳಾಗಿಯೇ ಬಾಯಿಬಿಟ್ಟಳು. ಮಾತಿನ ಹಿಂದೆ ಯಾವಾಗಲೂ ರಬ್ಬರ್ ಹಾರ್ನಿನ ‘ಪೋಂ ಪೋಂ’ ಸದ್ದು ಕೇಳುತ್ತದೆ ಎಂದಳು. ಗೋವಾದಲ್ಲಿ ಬೆಳಿಗ್ಗೆ ಸಂಜೆ ಸೈಕಲ್ಲಿನ ಮೇಲೆ ಪಾವು ಬ್ರೆಡ್ಡು ಮಾರುವವರು ಒತ್ತುವ ಹಾರ್ನು ಅದು. ಟೆಂಪೋ ಸ್ಟಿಯರಿಂಗು ಇನ್ನು ಮುಟ್ಟಲಾರದವನು ಸೈಕಲ್ಲು ಹಿಡಿದಿದ್ದಾನೆ ಎಂದು ಭರಮಪ್ಪನಿಗೆ ಹೊಳೆಯಿತು. ನಾಲ್ಕು ದಿನ ಅಲ್ಲಿ ಇಲ್ಲಿ ವಿಚಾರಿಸಿದ ಮೇಲೆ ಜಾಗ ಸಿಕ್ಕಿತು: ಚೋರ್ಲಾ ಘಾಟು ಇಳಿದರೆ ಸಿಗುವ ವಾಳಪೈ ಪೇಟೆಯ ಅಂಚಿನಲ್ಲಿ ಒಂದು ಸಣ್ಣ ಬೇಕರಿ.

ಇದನ್ನು ತಿಳಿಸಿದಾಗ, ಬಾಳೇಶನ ಕೇಸನ್ನೂ ನೋಡುತ್ತಿದ್ದ ಶಶಿಧರ ವಕೀಲರು ಕುರ್ಚಿಯಿಂದ ಅರ್ಧ ಎದ್ದರು. ತಾರೀಖಿಗೆ ಉಳಿದದ್ದು ಮೂರೇ ದಿನ. ಅಂದು ಹಾಜರಾಗದಿದ್ದರೆ ಬಾಳೇಶನನ್ನು ತಲೆಮರೆಸಿಕೊಂಡವನೆಂದು ಸಾರಿ ಫೋಟೋ ಅಂಟಿಸುತ್ತಾರೆ, ಆಮೇಲೆ ಜಾಮೀನೆಂಬುದೇ ಇಲ್ಲ. ಇಬ್ಬರು ಗಟ್ಟಿ ಆಳು ಮತ್ತು ಜೀಪು ನಾನು ಕೊಡುತ್ತೇನೆ, ಬೆಳಗಿನ ಜಾವ ಎತ್ತಿಕೊಂಡು ಬಂದುಬಿಡು ಎಂದರು. ಗೋವಾದವರ ಕಾಯ್ದೆ ಗೋವಾದವರಿಗೆ. ನಮ್ಮ ಕೋರ್ಟಿಗೆ ಮನುಷ್ಯ ಬೇಕು, ಅವನು ಯಾವ ದಾರಿಯಿಂದ ಬಂದನೆಂದು ಕೇಳುವುದಿಲ್ಲ. ಕಳ್ಳನಿಗೆ ಇಲ್ಲದ ಗಡಿ ಹಿಡಿಯುವವನಿಗೆ ಯಾಕೆ ಎಂಬುದು ಅವರ ವಾದ. ಮಾತು ಸುಳ್ಳೂ ಅಲ್ಲ. ಗಡಿಯ ಕಲ್ಲು ದಾಟಿ ನಿಂತು ನಾಲಿಗೆ ಚಾಚುವವರನ್ನು ಕಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ?

ನಾಳೆ ಅಲ್ಲಿಯವರು ಬಂದು ನಮ್ಮ ಖಾಸಬಾಗದಿಂದ ಒಬ್ಬನನ್ನು ಹೀಗೇ ಎತ್ತಿಕೊಂಡು ಹೋದರೆ ಅದಕ್ಕೆ ನೀವು ಏನು ಹೆಸರಿಡುತ್ತೀರಿ ಎಂದು ಭರಮಪ್ಪ ಕೇಳಿದ. ಅಪಹರಣ ಎಂದು ವಕೀಲರು ಒಲ್ಲದ ಮನಸ್ಸಿನಿಂದ ಹೇಳಿದರು. ಅದು ಬೇರೆ, ಇದು ಬೇರೆ ಎಂದೂ ಸೇರಿಸಿದರು.

“ಬ್ಯಾರೆ ಇರಬಹುದ್ರಿ,” ಎಂದ ಭರಮಪ್ಪ. “ಆದ್ರ ಕೋರ್ಟಿಗೆ ಅವನ ಮೈ ಸಾಕು. ಆ ಹೆಣ್ಮಗಳಿಗೆ ಅವನ ಬಾಯಿ ಬೇಕಲ್ರಿ. ಕೈಕಾಲು ಕಟ್ಟಿ ತಂದ್ರ ಬಾಯಿ ಅಲ್ಲೇ ಉಳೀತದ. ನಾ ಒಮ್ಮೆ ತಂದು ನೋಡೀನಿ.”

ಮರುದಿನ ಬೆಳಿಗ್ಗೆ ಒಬ್ಬನೇ ಬಸ್ಸು ಹತ್ತಿದ. ವಾಳಪೈಯಲ್ಲಿ ಇಳಿದವನು ಬೇಕರಿಗೆ ಹೋಗಲಿಲ್ಲ, ನೆಟ್ಟಗೆ ಅಲ್ಲಿಯ ಪೊಲೀಸ್ ಠಾಣೆಗೆ ಹೋದ. ನಾನು ಜಾಮೀನುದಾರ, ನನ್ನ ಹುಡುಗ ನಿಮ್ಮ ಊರಲ್ಲಿದ್ದಾನೆ, ಕರೆಯಲು ಬಂದಿದ್ದೇನೆ, ಮೈ ಮುಟ್ಟುವುದಿಲ್ಲ ಎಂದು ತನ್ನ ಖಾನಾಪುರದ ಮರಾಠಿಯಲ್ಲಿ ಹೇಳಿ, ಆಧಾರ್ ಕಾರ್ಡೂ ಜಾಮೀನಿನ ಕಾಗದವೂ ಮೇಜಿನ ಮೇಲಿಟ್ಟ. ಹವಾಲ್ದಾರನಿಗೆ ವಿಚಿತ್ರವೆನಿಸಿತು. ಘಾಟಿನ ಮೇಲಿಂದ ಬರುವವರು ಕೆಲಸ ಮುಗಿಸಿ ಹೋದ ಮೇಲೆ ನಮಗೆ ಸುದ್ದಿ ತಿಳಿಯುವುದು ರೂಢಿ, ಹೇಳಿ ಮಾಡುವವನನ್ನು ಇವತ್ತೇ ನೋಡಿದ್ದು ಎಂದ. ಪೇದೆಯನ್ನು ಕಳಿಸಲೇ ಎಂದು ಕೇಳಿದ. ಸಂಜೆಯವರೆಗೆ ನನಗೆ ಬಿಡಿ, ಆಮೇಲೆ ನಿಮ್ಮ ಇಷ್ಟ ಎಂದ ಭರಮಪ್ಪ.

ಬೇಕರಿ ನಡೆಸುತ್ತಿದ್ದದ್ದು ಒಬ್ಬ ಮುದುಕಿ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಬಾಳೇಶ ಒಳಗೆ ಒಲೆಯ ಹತ್ತಿರ ಮಲಗಿದ್ದ, ಬೆಳಗಿನ ಪಾವು ಹಂಚಿ ಬಂದ ದಣಿವು. ಭರಮಪ್ಪ ಬಾಗಿಲಲ್ಲೇ ನಿಂತು, ಅವನ ಕಾಕಾ ಬಂದು ಹೊರಗೆ ಕೂತಿದ್ದಾನೆಂದು ಅವನಿಗೆ ತಿಳಿಸಿ, ನಾನು ಒಳಗೆ ಬರುವುದಿಲ್ಲ ಎಂದು ಆಯಿಗೆ ಹೇಳಿದ. ಆಯಿ ಅನುಮಾನದಿಂದ ನೋಡಿ ಒಳಗೆ ಹೋದಳು. ಹಿಂದೆ ಇನ್ನೊಂದು ಬಾಗಿಲಿರುವುದು, ಅದರಾಚೆ ಗೇರುಗುಡ್ಡ ಇರುವುದು ಭರಮಪ್ಪನಿಗೆ ರಸ್ತೆಯಿಂದಲೇ ಕಾಣುತ್ತಿತ್ತು. ಅವನು ಎದುರಿನ ಮೋರಿಕಟ್ಟೆಯ ಮೇಲೆ ಕುಳಿತ.

ಇದು ಕುರುಬರ ಹಳೆಯ ಪದ್ಧತಿ. ನಿಮ್ಮ ಕುರಿ ಇನ್ನೊಬ್ಬನ ಹಿಂಡಿನಲ್ಲಿ ಸೇರಿಕೊಂಡರೆ ಅವನು ಹಿಂಡು ಕೂಡಿಹಾಕುವ ದಡ್ಡಿಯೊಳಗೆ ನುಗ್ಗಿ ಕುರಿಯ ಕಾಲು ಹಿಡಿದು ಎಳೆಯುವಂತಿಲ್ಲ. ದಡ್ಡಿಯ ಒಡೆಯನಿಗೆ ಹೇಳಿ ಹೊರಗೆ ಕೂಡಬೇಕು, ಕರೆಯಬೇಕು. ದನಿ ಗುರುತಿಸಿ ಹೊರಗೆ ಬಂದರೆ ನಿಮ್ಮದು. ಬಾರದಿದ್ದರೆ ನೀವು ಅದನ್ನು ಸಾಕಿದ್ದೇ ಸುಳ್ಳು. ಹೇಳುವುದು ಸುಲಭ. ಹನ್ನೊಂದಕ್ಕೆ ಕೂತವನು ಒಂದಾದರೂ ಕೂತಿದ್ದ, ಎರಡಾದರೂ ಕೂತಿದ್ದ. ಒಳಗಿನಿಂದ ಸದ್ದಿಲ್ಲ. ಮೊಣಕಾಲು ಹಿಡಿದುಕೊಂಡಿತು. ಓಡುವವನಿಗೆ ತಾನೇ ಓಡು ಎಂದು ಹೇಳಿಕೊಟ್ಟ ಮೂರ್ಖನಾದೆನೇ ಎನಿಸಿತು. ಬಾಳೇಶನ ಏಳನೆಯ ವರ್ಷದಿಂದ ಇಂದಿನವರೆಗೆ ತಾನು ಅವನಿಗೆ ಹೊಡೆದದ್ದು, ಗದರಿದ್ದು, ಒಂದು ಸಲ ಸೈಕಲ್ಲು ಕೊಡಿಸುತ್ತೇನೆಂದು ಕೊಡಿಸದೆ ಹೋದದ್ದು, ಎಲ್ಲ ನೆನಪಾಗಿ, ಕರೆದರೆ ಬರುವಂಥದ್ದನ್ನು ತಾನು ಏನು ಮಾಡಿದ್ದೇನೆಂದು ಹೆದರಿದ.

ನಾಲ್ಕು ಗಂಟೆಗೆ ಬಾಗಿಲು ತೆರೆಯಿತು. ಮುಂದಿನ ಬಾಗಿಲೇ. ಬಾಳೇಶ ಸೈಕಲ್ಲಿನ ಹಿಂದೆ ಪಾವಿನ ಬುಟ್ಟಿ ಕಟ್ಟಿಕೊಂಡು ಹೊರಬಂದ. ಸೊರಗಿದ್ದ. ಮೋರಿಕಟ್ಟೆಯ ಕಡೆ ನೋಡಲಿಲ್ಲ. ಮೂರು ಮಾರು ದೂರದಲ್ಲಿ ಹಾದು, ಬಸ್‌ಸ್ಟ್ಯಾಂಡಿನ ದಾರಿ ಹಿಡಿದು ಹೋಗಿಬಿಟ್ಟ. ಭರಮಪ್ಪನ ಕೈ ತಾನಾಗಿ ಮುಂದೆ ಚಾಚಿತ್ತು, ಹಿಂದಕ್ಕೆ ತೆಗೆದುಕೊಂಡ. ಏಳಲಿಲ್ಲ. ಐವತ್ತೆಂಟು ವರ್ಷದಲ್ಲಿ ಕುಳಿತಲ್ಲೇ ಕುಳಿತಿರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಆಯಿ ಬಂದು ಒಂದು ಲೋಟ ಚಹಾ ಕೊಟ್ಟು ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಬಾಳೇಶ ಹಿಂದಿರುಗಿದ. ಬುಟ್ಟಿ ಖಾಲಿಯಾಗಿತ್ತು. ಸೈಕಲ್ಲನ್ನು ಮೋರಿಕಟ್ಟೆಗೆ ಒರಗಿಸಿ, ಕಾಕಾನ ಪಕ್ಕದಲ್ಲಿ ಕುಳಿತ.

“ಗಿರಾಕಿ ಕಾಯ್ತಿದ್ರು, ಕಾಕಾ. ಅದಕ್ಕ.”

“ಹೌದಲ್ಲ ಮತ್ತ,” ಎಂದ ಭರಮಪ್ಪ. ಮೂಗು ಒರೆಸಿಕೊಂಡ.

ಬಾಳೇಶನೇ ಮಾತು ಶುರುಮಾಡಿದ. ಜೈಲಿಗೆ ಹೆದರಿಕೆಯಿಲ್ಲ; ಆಕೆ ಕೇಳುವುದಕ್ಕೆ ಉತ್ತರ ತನ್ನ ಹತ್ತಿರ ಇದೆ, ಅದಕ್ಕೇ ಹೆದರಿಕೆ ಎಂದ. ಅಂದು ಗಾಡಿಯಲ್ಲಿ ಏನಾಯಿತೆಂದರೆ ಎಂದು ಹೇಳಲು ಬಾಯಿ ತೆರೆದವನನ್ನು ಭರಮಪ್ಪ ತಡೆದ.

“ನನಗ ಹೇಳಬ್ಯಾಡ. ಅದು ಆಕೀದು. ಆಕೀಗೆ ಹೇಳು.”

ಮರುದಿನ ಠಾಣೆಗೆ ಹೋಗಿ ಹೊರಟಿದ್ದೇವೆಂದು ತಿಳಿಸಿದರು. ಆಯಿ ದಾರಿಗೆಂದು ಪಾವು ಕಟ್ಟಿಕೊಟ್ಟು, ಇವನ ಜಾಗದಲ್ಲಿ ಬೇರೆಯವನನ್ನು ಇಟ್ಟುಕೊಳ್ಳುವುದಿಲ್ಲ ಎಂದು ಕಾಕಾನಿಗೆ ಹೇಳಿದಳು. ಘಾಟು ಹತ್ತುವಾಗ ಬಾಳೇಶ ಕಾಕಾನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದ. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಾಗ ಭರಮಪ್ಪ ಎಂದಿನ ರೂಢಿಯಂತೆ ಆಸಾಮಿಯ ಮಣಿಕಟ್ಟು ಹಿಡಿಯಲು ಹೋದ. ತನ್ನ ಕೈಯನ್ನು ತಾನೇ ನೋಡಿ ನಕ್ಕು, ಹುಡುಗನ ಮುಖದ ಮೇಲೆ ಬಿದ್ದ ಬಿಸಿಲಿಗೆ ಅಂಗೈ ಅಡ್ಡ ಹಿಡಿದ.

ತಾರೀಖಿನ ದಿನ ಖಾನಾಪುರ ಕೋರ್ಟಿನಲ್ಲಿ ಹೆಸರು ಕೂಗಿದಾಗ ಬಾಳೇಶ ಕಟಕಟೆಗೆ ಹೋಗಿ ನಿಂತ. ನ್ಯಾಯಾಧೀಶರು ಕಾಗದ ನೋಡಿ, ಜಾಮೀನುದಾರನು ಆರೋಪಿಯನ್ನು ಹಿಡಿದು ಹಾಜರುಪಡಿಸಿದ್ದಾನೆ ಎಂದು ಬರೆಸತೊಡಗಿದರು. ಶಶಿಧರ ವಕೀಲರ ಮುಖ ಅರಳಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಭರಮಪ್ಪ ಎದ್ದು ಕೈಮುಗಿದ.

“ಸಾಹೇಬ್ರ, ಅದು ಹಂಗಲ್ರಿ. ನಾ ಹಿಡಕೊಂಡು ಬಂದಿಲ್ಲ. ಅವನಾಗೇ ಬಂದಾನ. ನಾ ಅವನ ಜೋಡಿ ಬಂದೀನಿ.”

ಮೂವತ್ತು ಜನರನ್ನು ಹಿಡಿದು ಹೆಸರು ಮಾಡಿದವನು ಮೂವತ್ತೊಂದನೆಯವನನ್ನು ಹಿಡಿದಿಲ್ಲವೆಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡ. ನ್ಯಾಯಾಧೀಶರು ಒಂದು ಗಳಿಗೆ ಅವನನ್ನು ನೋಡಿ, ಬರೆದದ್ದನ್ನು ಹೊಡೆದುಹಾಕಿಸಿ, ಆರೋಪಿ ತಾನಾಗಿ ಹಾಜರಾಗಿದ್ದಾನೆ ಎಂದು ಬರೆಸಿದರು. ಬಾಳೇಶನಿಗೆ ಚೆನ್ನಾಗಿ ಛೀಮಾರಿ ಹಾಕಿ ವಾರಂಟು ರದ್ದು ಮಾಡಿದರು. ಸಾಕ್ಷಿಗೆ ಮುಂದಿನ ತಿಂಗಳು ಬರಬೇಕೆಂದರು. ಶಿಕ್ಷೆಯಾಗುವುದೋ ಬಿಡುವುದೋ, ಅದು ಇನ್ನೂ ಮುಂದಿನ ಮಾತು.

ಹೊರಗೆ ಜಗಲಿಯಲ್ಲಿ ಗಂಗಾದೇವಿ ಕಂಬದ ಹತ್ತಿರ ನಿಂತಿದ್ದಳು. ಬಾಳೇಶ ಅತ್ತ ಹೆಜ್ಜೆಯಿಟ್ಟದ್ದನ್ನು ಕಂಡು ವಕೀಲರು ಅವನ ತೋಳು ಹಿಡಿದರು. ಈಗ ಬಾಯಿ ಬಿಟ್ಟದ್ದೆಲ್ಲ ನಾಳೆ ಕೇಸಿನಲ್ಲಿ ನಿನಗೇ ಮುಳುವಾಗುತ್ತದೆ ಎಂದರು. ಬಾಳೇಶ ಕಾಕಾನ ಕಡೆ ನೋಡಿದ. ಭರಮಪ್ಪ ಹೋಗೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಬಾಳೇಶ ವಕೀಲರ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೋದ.

“ನೀರು ಕೇಳಿದ್ರವ್ವ,” ಎಂದ. “ಬಾಟ್ಲಿ ಬಾಜೂಕ ಇತ್ತು. ಹಂತಾದ್ರಾಗ ನೀರು ಕೊಡಬಾರದು ಅಂತ ಕೇಳಿದ್ದೆ. ಅಂಜಿ ಕೊಡಲಿಲ್ಲ.”

ಗಂಗಾದೇವಿ ಕಂಬ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಳು. ಮೆಲ್ಲಗೆ ಹೇಳಿದಳು, “ದವಾಖಾನ್ಯಾಗೂ ಕೊಡಬ್ಯಾಡ ಅಂದ್ರು. ಹತ್ತಿ ಅದ್ದಿ ತುಟಿ ಒರಸಿದೆ, ಅಷ್ಟ. ನಾನೂ ಕೊಡಲಿಲ್ಲಪಾ.” ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು, “ಮತ್ತೇನರ ಅಂದ್ರೇನು?”

“ಅಂದ್ರು. ‘ಸೈಕಲ್ ರಸ್ತಾದಾಗ ಬಿದ್ದೈತಿ, ಬಾಜು ಸರಿಸಿ ಇಡಬೇಕಾಗಿತ್ತು, ಮಂಜಿನಾಗ ಯಾರರ ಎಡವಿ ಬಿದ್ದಾರು’ ಅಂದ್ರು. ಎರಡು ಸಲ ಅಂದ್ರು.”

ಗಂಗಾದೇವಿ ತಲೆಯೆತ್ತಿದಳು. ಅಳುವಿನ ನಡುವೆಯೇ ಅವಳ ಮುಖದಲ್ಲಿ ನಗುವಿನಂಥದ್ದು ಬಂತು.

“ಹೌದು, ಅವರದೇ ಮಾತು ಅದು,” ಎಂದಳು. ಪಕ್ಕದ ಮೆಟ್ಟಿಲನ್ನು ಅಂಗೈಯಿಂದ ಒರೆಸಿ ಅವನಿಗೆ ಜಾಗ ತೋರಿಸಿದಳು. “ಕುಂದರು. ಇನ್ನೊಮ್ಮೆ ಹೇಳಪಾ.”

ಬಾಳೇಶ ಅವಳ ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ಹೇಳಿದ.